ಸುಕುಮಾರಸ್ವಾಮಿಯ ಕಥೆಯಲ್ಲಿ ಮಕ್ಕಳ ಮನಸ್ಸು ಮತ್ತು ಹಿರಿಯರ ಹೊಣೆ

ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯ ಕಥೆ. ಕನ್ನಡ ಜೈನ ಮನೆತನಗಳಲ್ಲಿ ಈ ಕಥೆಯನ್ನು ಕೇಳದವರು ವಿರಳ. ಸಾಸಿವೆಯ ಕಾಳು ಒತ್ತಿದರೂ ಸಹಿಸಲಾರದಷ್ಟು ಕೋಮಲನಾದ ಶ್ರೇಷ್ಠಿಪುತ್ರನು ದೀಕ್ಷೆ ವಹಿಸಿ, ಹೆಣ್ಣುನರಿಯೊಂದು ತನ್ನ ಮರಿಗಳೊಡನೆ ಬಂದು ಮೂರು ದಿನ ತನ್ನ ದೇಹವನ್ನು ತಿನ್ನುತ್ತಿದ್ದರೂ ಅಲುಗದೆ ಸಮಾಧಿಮರಣವನ್ನು ಸಾಧಿಸಿದನೆಂಬುದು ಎಲ್ಲರಿಗೂ ತಿಳಿದ ಭಾಗ. ಪ್ರವಚನಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಸಾಮಾನ್ಯವಾಗಿ ಈ ಕೊನೆಯ ಭಾಗವೇ ಮುಂದೆ ಬರುತ್ತದೆ. ಉಪಸರ್ಗವನ್ನು ಗೆದ್ದ ಮಹಾಪುರುಷನ ಚಿತ್ರವು ಕೇಳುಗರ ಮನಸ್ಸಿನಲ್ಲಿ ನಿಲ್ಲುತ್ತದೆ; ಆ ಉಪಸರ್ಗಕ್ಕೆ ಕಾರಣವಾದ ಕೋಪ ಎಲ್ಲಿ ಹುಟ್ಟಿತೆಂಬ ಪ್ರಶ್ನೆ ಹಿಂದೆ ಸರಿಯುತ್ತದೆ.

ಕಥೆಯನ್ನು ಮೊದಲಿನಿಂದ ಓದಿದವರಿಗೆ ಬೇರೊಂದು ಸಂಗತಿ ಗೋಚರಿಸುತ್ತದೆ. ಈ ಕಥೆಯ ಬಹುಪಾಲು ಮಕ್ಕಳನ್ನು ಬೆಳೆಸುವುದರ ಸುತ್ತಲೇ ಹೆಣೆದುಕೊಂಡಿದೆ. ಕಠಿಣವಾಗಿ ಬೆಳೆಸಿದ ಒಬ್ಬ ಸೋದರಮಾವ, ಅತಿಯಾಗಿ ಕಾಪಾಡಿದ ಒಬ್ಬ ತಾಯಿ, ಮಗಳ ಕೈಹಿಡಿದು ನಡೆದ ಒಬ್ಬ ತಂದೆ, ಹೀಗೆ ಮೂವರು ಹಿರಿಯರು ಇಲ್ಲಿದ್ದಾರೆ. ಅವರ ಕೈಯಲ್ಲಿ ಬೆಳೆದ ಮಕ್ಕಳ ಕೋಪ, ಅಪಮಾನ, ಭಯ, ಸಮಾಧಾನಗಳೇ ಕಥೆಯನ್ನು ಜನ್ಮದಿಂದ ಜನ್ಮಕ್ಕೆ ಕೊಂಡೊಯ್ಯುತ್ತವೆ. ಚಿಕ್ಕಮಕ್ಕಳ ಹಠ, ಅಳು, ಸಿಟ್ಟುಗಳನ್ನು ಹೇಗೆ ನಿಭಾಯಿಸಬೇಕೆಂಬ ಚರ್ಚೆ ಎಲ್ಲೆಡೆ ನಡೆದಿರುವ ಈ ಕಾಲದಲ್ಲಿ, ಸಾವಿರ ವರ್ಷಗಳ ಹಿಂದಿನ ಈ ಗದ್ಯಕಥೆಯನ್ನು ಆ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವಾಗಿದೆ.

ಬಳ್ಳಾರಿ ಸೀಮೆಯ ಓದುಗರಿಗೆ ಈ ಕೃತಿ ದೂರದ್ದೇನಲ್ಲ. ಕೃತಿಕಾರನ ಹೆಸರು ಮತ್ತು ಕಾಲದ ಬಗೆಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿದ್ದರೂ, ಶಿವಕೋಟ್ಯಾಚಾರ್ಯನು ಸುಮಾರು ಹತ್ತನೆಯ ಶತಮಾನದವನೆಂದೂ ಕೋಗಳಿಯವನೆಂದೂ ಹೇಳುವ ವಾಡಿಕೆ ಇದೆ. ಆ ಕೋಗಳಿ ಅವಿಭಜಿತ ಬಳ್ಳಾರಿ ಜಿಲ್ಲೆಯ ಪ್ರಾಚೀನ ಜೈನಕೇಂದ್ರ. 2021ರಲ್ಲಿ ಜಿಲ್ಲೆ ವಿಭಜನೆಯಾದ ಮೇಲೆ ಅದು ವಿಜಯನಗರ ಜಿಲ್ಲೆಗೆ ಸೇರಿದೆ. ಪ್ರಾಕೃತದ ಭಗವತೀ ಆರಾಧನಾ ಗ್ರಂಥದ ಗಾಹೆಗಳನ್ನು ಆಧರಿಸಿ ಹುಟ್ಟಿದ ಈ ಕಥೆಗಳನ್ನು ಡಿ. ಎಲ್. ನರಸಿಂಹಾಚಾರ್ಯರು ಶಾಸ್ತ್ರೀಯವಾಗಿ ಸಂಪಾದಿಸಿ 1949ರಲ್ಲಿ ಪ್ರಕಟಿಸಿದರು. ಸುಕುಮಾರನ ವೃತ್ತಾಂತವನ್ನೇ ಶಾಂತಿನಾಥನು 1068ರಲ್ಲಿ ಚಂಪೂರೂಪದಲ್ಲಿ ಸುಕುಮಾರಚರಿತೆಯೆಂದು ಬರೆದನು. ಒಂದೇ ಕಥೆಗೆ ಕನ್ನಡದಲ್ಲಿ ಮರಳಿ ಮರಳಿ ರೂಪ ದೊರೆತಿರುವುದು ಅದರ ಸತ್ತ್ವಕ್ಕೆ ಸಾಕ್ಷಿ.

ಒಂದೇ ಶಿಸ್ತು, ಎರಡು ಮನಸ್ಸು

ಕೌಶಾಂಬಿಯ ರಾಜಪುರೋಹಿತ ಸೋಮಶರ್ಮನಿಗೆ ಅಗ್ನಿಭೂತಿ, ವಾಯುಭೂತಿ ಎಂಬ ಇಬ್ಬರು ಮಕ್ಕಳು. ಮನೆಯ ಮುದ್ದಿನಲ್ಲಿ ಬೆಳೆದ ಇಬ್ಬರೂ ವಿದ್ಯೆಗೆ ಒಲಿಯಲಿಲ್ಲ. ತಂದೆ ತೀರಿಕೊಂಡಾಗ ಪುರೋಹಿತಪದವಿ ಅವರ ಕೈತಪ್ಪಿತು. ತಾಯಿ ಕಾಶ್ಯಪಿಯು ಅವರನ್ನು ರಾಜಗೃಹದಲ್ಲಿದ್ದ ತನ್ನ ಸೋದರ ಸೂರ್ಯಮಿತ್ರನ ಬಳಿಗೆ ಕಳುಹಿಸಿದಳು. ಸೂರ್ಯಮಿತ್ರನು ಯೋಚಿಸಿದನು: ಮುದ್ದಿನಿಂದ ಕೆಟ್ಟ ಹುಡುಗರಿಗೆ ಇಲ್ಲಿಯೂ ಮುದ್ದು ದೊರೆತರೆ ವಿದ್ಯೆ ಹತ್ತುವುದಿಲ್ಲ. ಆದುದರಿಂದ ತನಗೆ ಸೋದರಿಯೂ ಇಲ್ಲ, ಸೋದರಳಿಯರೂ ಇಲ್ಲವೆಂದು ಹೇಳಿ, ಭಿಕ್ಷೆ ಬೇಡಿ ಉಂಡು ಓದುವುದಾದರೆ ಕಲಿಸುವೆನೆಂದನು. ಹುಡುಗರು ಹಾಗೆಯೇ ವರ್ಷಗಟ್ಟಲೆ ಇದ್ದು ಸಕಲ ಶಾಸ್ತ್ರಗಳನ್ನು ಕಲಿತರು. ಊರಿಗೆ ಹೊರಟ ದಿನ ಮಾವನು ನಿಜವನ್ನು ತಿಳಿಸಿ, ಅವರ ಹಿತಕ್ಕಾಗಿಯೇ ಹೀಗೆ ಮಾಡಿದೆನೆಂದು ಹೇಳಿ, ಉಡುಗೊರೆಯಿತ್ತು ಕಳುಹಿಸಿದನು.

ಕಥೆಯ ಮರ್ಮ ಇಲ್ಲಿದೆ. ಅಗ್ನಿಭೂತಿಯು ಮಾವನ ಉದ್ದೇಶವನ್ನು ತಿಳಿದು ಕೃತಜ್ಞನಾದನು. ವಾಯುಭೂತಿಗೆ ಮಾತ್ರ ಕೋಪ ಕೆರಳಿತು. ಸ್ವಂತ ಮಾವನಾಗಿದ್ದೂ ತಮ್ಮನ್ನು ಮನೆಮನೆಯ ಬಾಗಿಲಲ್ಲಿ ಬೇಡಿಸಿದನೆಂಬ ಅವಮಾನ ಅವನೊಳಗೆ ಉಳಿದುಹೋಯಿತು. ಗುರು ಒಬ್ಬನೇ, ಪಾಠ ಒಂದೇ, ಭಿಕ್ಷೆಯ ಅನ್ನವೂ ಒಂದೇ. ಫಲ ಮಾತ್ರ ಎರಡು. ಒಂದೇ ಗರ್ಭದಲ್ಲಿ ಹುಟ್ಟಿದ ಮಕ್ಕಳ ಮನಸ್ಸು ಒಂದೇ ಅಲ್ಲವೆಂಬ ಸತ್ಯವನ್ನು ಕಥೆಗಾರನು ಯಾವ ವ್ಯಾಖ್ಯಾನವೂ ಇಲ್ಲದೆ ಘಟನೆಯ ಮೂಲಕವೇ ಹೇಳಿಬಿಟ್ಟಿದ್ದಾನೆ.

ಕಥೆಗಾರನ ಸಹಾನುಭೂತಿ ಸೂರ್ಯಮಿತ್ರನ ಕಡೆಗಿದೆ, ವಾಯುಭೂತಿ ಅಪರಾಧಿ. ಸಂಪ್ರದಾಯದ ಓದು ಇಲ್ಲಿಗೇ ನಿಲ್ಲುತ್ತದೆ. ಆದರೆ ಕಥೆಯ ಒಡಲಿನಲ್ಲಿ ಇನ್ನೊಂದು ವಿವೇಕವಿದೆ. ಸೂರ್ಯಮಿತ್ರನ ಶಿಸ್ತಿನಲ್ಲಿ ಎರಡು ಅಂಶಗಳು ಕಲಸಿಕೊಂಡಿವೆ. ಸುಖವನ್ನು ಮಿತಗೊಳಿಸಿ ವಿದ್ಯೆಯ ಶ್ರಮವನ್ನು ಹೇರಿದ್ದು ಒಂದು. ಸಂಬಂಧವನ್ನೇ ಅಲ್ಲಗಳೆದದ್ದು ಇನ್ನೊಂದು. ಮೊದಲನೆಯದು ಅಗತ್ಯವಾಗಿತ್ತು. ಎರಡನೆಯದು ಅಗತ್ಯವಾಗಿತ್ತೇ? ಮಾವನೆಂದು ಒಪ್ಪಿಕೊಂಡೂ ಭಿಕ್ಷಾನ್ನದಿಂದಲೇ ಓದಿಸಬಹುದಾಗಿತ್ತು. ಕಾರಣವನ್ನು ಮೊದಲ ದಿನವೇ ತಿಳಿಸಬಹುದಾಗಿತ್ತು. ಅವನು ಕಾರಣ ಹೇಳಿದನು, ನಿಜ. ಆದರೆ ಗಾಯ ಒಣಗಿ ಕಲೆಯಾದ ಮೇಲೆ ಹೇಳಿದನು. ವಾಯುಭೂತಿಯ ಕೋಪವು ಕಷ್ಟದ ಮೇಲಿನದಲ್ಲ, ತನ್ನನ್ನು ತನ್ನವನಲ್ಲವೆಂದದ್ದರ ಮೇಲಿನದು.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಅವರವರ ಕರ್ಮಕ್ಕೆ ಅವರವರೇ ಹೊಣೆಯಲ್ಲವೇ, ವಾಯುಭೂತಿಯ ಕಷಾಯಕ್ಕೆ ಮಾವನನ್ನು ಏಕೆ ದೂರಬೇಕು ಎಂದು. ಜೈನದರ್ಶನವು ಈ ಪ್ರಶ್ನೆಗೆ ಉಪಾದಾನ, ನಿಮಿತ್ತಗಳೆಂಬ ವಿವೇಚನೆಯಿಂದ ಉತ್ತರಿಸುತ್ತದೆ. ಕೋಪದ ಉಪಾದಾನ ವಾಯುಭೂತಿಯ ಆತ್ಮಪರಿಣಾಮವೇ. ಅದನ್ನು ಸೂರ್ಯಮಿತ್ರನು ಉಂಟುಮಾಡಲಿಲ್ಲ. ಆದರೆ ಅವನು ನಿಮಿತ್ತನಾದನು. ತಾಯಿತಂದೆಗಳ ಸ್ಥಾನವೂ ಇದೇ. ಮಗುವಿನ ಸ್ವಭಾವವನ್ನು ಅವರು ಸೃಷ್ಟಿಸಲಾರರು. ಆದುದರಿಂದ ಮಗು ಹಠಮಾರಿಯಾದರೆ ತಾವೇ ಪಾಪಿಗಳೆಂದು ಕೊರಗಬೇಕಾಗಿಲ್ಲ. ಆದರೆ ಬೆಂಕಿಯ ಕಿಡಿಗೆ ಗಾಳಿಯಾಗುವುದೋ ನೀರಾಗುವುದೋ ಅವರ ಕೈಯಲ್ಲಿದೆ. ಆದುದರಿಂದ ಎಲ್ಲವನ್ನೂ ಮಗುವಿನ ಕರ್ಮದ ಖಾತೆಗೆ ಬರೆದು ಕೈತೊಳೆದುಕೊಳ್ಳುವಂತೆಯೂ ಇಲ್ಲ.

ನೀರಿನ ಗೆರೆ, ಕಲ್ಲಿನ ಗೆರೆ

ಕ್ರೋಧಕಷಾಯದ ತರತಮಗಳನ್ನು ಹೇಳುವಾಗ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವು ನಾಲ್ಕು ಗೆರೆಗಳ ಉಪಮೆಯನ್ನು ಕೊಡುತ್ತದೆ: ಕಲ್ಲಿನ ಮೇಲಿನ ಗೆರೆ, ನೆಲದ ಮೇಲಿನ ಗೆರೆ, ಧೂಳಿನ ಮೇಲಿನ ಗೆರೆ, ನೀರಿನ ಮೇಲಿನ ಗೆರೆ. ಕರ್ಮಸಿದ್ಧಾಂತದಲ್ಲಿ ಇವುಗಳ ಅರ್ಥ ಬೇರೆ. ಮಗುವಿನ ಕೋಪವೆಲ್ಲ ನೀರಿನ ಗೆರೆಯ ಜಾತಿಯದೆಂದು ಶಾಸ್ತ್ರ ಹೇಳುವುದಿಲ್ಲ. ಆದರೆ ಉಪಮೆಯ ಮಟ್ಟದಲ್ಲಿ ಮನೆಯವರಿಗೆ ಅದು ಬಹಳ ಉಪಯುಕ್ತ. ಎರಡು ಮೂರು ವರ್ಷದ ಮಗು ಆಟದ ಸಾಮಾನಿಗಾಗಿ ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಅರ್ಧ ಗಂಟೆಯಲ್ಲಿ ಅದೇ ತಾಯಿಯ ತೊಡೆಯ ಮೇಲೆ ನಗುತ್ತದೆ. ಹೊರಗಿನಿಂದ ನೋಡಿದರೆ ಅದು ನೀರಿನ ಗೆರೆಯೇ. ಹಿರಿಯರು ಅದಕ್ಕೆ ಪ್ರತಿಯಾಗಿ ಕೂಗಿ, ಹೊಡೆದು, ನಾಲ್ವರ ಎದುರು ಹೀಯಾಳಿಸಿದರೆ ಆ ಗೆರೆ ಧೂಳಿಗೆ, ನೆಲಕ್ಕೆ, ಕಲ್ಲಿಗೆ ಇಳಿಯುತ್ತದೆ. ವಾಯುಭೂತಿಯದು ಕಲ್ಲಿಗಿಳಿದ ಗೆರೆ.

ಅದು ಎಲ್ಲಿಯವರೆಗೆ ಹೋಯಿತೆಂಬುದನ್ನು ಕಥೆ ವಿವರವಾಗಿ ತೋರಿಸುತ್ತದೆ. ಸೂರ್ಯಮಿತ್ರನು ಮುಂದೆ ಮುನಿಯಾಗಿ ಕೌಶಾಂಬಿಗೆ ಬಂದಾಗ ಅಗ್ನಿಭೂತಿಯು ಭಕ್ತಿಯಿಂದ ಆಹಾರವಿತ್ತನು. ವಾಯುಭೂತಿಯು ಬಾಯಿಗೆ ಬಂದಂತೆ ನಿಂದಿಸಿದನು. ಮಾವನ ಮೇಲಿದ್ದ ಕೋಪವು ಮುನಿಯ ಮೇಲಿನ ದ್ವೇಷವಾಯಿತು. ಇದರಿಂದ ನೊಂದ ಅಗ್ನಿಭೂತಿಯು ದೀಕ್ಷೆ ವಹಿಸಿದನು. ಅವನ ಹೆಂಡತಿ ಸೋಮದತ್ತೆಯು ಗಂಡನನ್ನು ಮರಳಿ ಕರೆತರಲು ಮೈದುನನನ್ನು ಬೇಡಿಕೊಂಡಾಗ ವಾಯುಭೂತಿಯು ಸಿಟ್ಟಿನಿಂದ ಅವಳ ಮುಖಕ್ಕೆ ಒದೆದನು. ಅವಳು ಆ ಕಾಲನ್ನು ಮುಂದೊಂದು ಭವದಲ್ಲಿ ಮಕ್ಕಳೊಡನೆ ತಿನ್ನುವೆನೆಂದು ನಿದಾನ ಮಾಡಿಕೊಂಡಳು. ಆ ಸೋಮದತ್ತೆಯೇ ಕೊನೆಗೆ ಮರಿಗಳ ನರಿಯಾಗಿ ಬಂದಳು. ಒಬ್ಬ ಹುಡುಗನ ಅವಮಾನ ಮುನಿನಿಂದೆಯಾಗಿ, ಅಬಲೆಯ ಮೇಲಿನ ಒದೆಯಾಗಿ, ಅವಳ ಸೇಡಾಗಿ ಬೆಳೆಯಿತು. ವ್ಯಾಪಾರದ ಲೆಕ್ಕದಲ್ಲಿ ಹೇಳುವುದಾದರೆ, ಒಂದು ವರ್ಷದ ಕೊನೆಯ ಶಿಲ್ಕು ಮುಂದಿನ ವರ್ಷದ ಮೊದಲ ಶಿಲ್ಕಾಗುವಂತೆ, ತೀರದ ಕೋಪವು ಜನ್ಮದಿಂದ ಜನ್ಮಕ್ಕೆ ಮುಂದೊಯ್ಯಲ್ಪಟ್ಟಿತು.

ಕುಟುಂಬಗಳೂ ಧರ್ಮಸಂಸ್ಥೆಗಳೂ ಗಮನಿಸಲೇಬೇಕಾದ ಅಂಶವೊಂದು ಈ ಭಾಗದಲ್ಲಿದೆ. ವಾಯುಭೂತಿಗೆ ಧರ್ಮದ ಮೇಲೆ ಮೂಲತಃ ದ್ವೇಷವಿರಲಿಲ್ಲ. ತನ್ನನ್ನು ಅವಮಾನಿಸಿದ ಹಿರಿಯನು ಧರ್ಮದ ವೇಷದಲ್ಲಿ ಎದುರು ನಿಂತಾಗ ದ್ವೇಷವು ಧರ್ಮಕ್ಕೂ ಅಂಟಿತು. ಇಂದಿನ ಮನೆಗಳಲ್ಲಿ ಇದು ನಡೆಯುವ ಬಗೆಯನ್ನು ಊಹಿಸುವುದು ಕಷ್ಟವಲ್ಲ. ಬಳ್ಳಾರಿಯ ಬಟ್ಟೆಯಂಗಡಿಯ ಮನೆಯಾಗಲಿ, ಸಿರುಗುಪ್ಪದ ಅಕ್ಕಿ ಗಿರಣಿಯ ಮನೆಯಾಗಲಿ, ಸೂರ್ಯಾಸ್ತದೊಳಗೆ ಊಟ ಮುಗಿಯಬೇಕೆಂಬುದು ನಿಯಮ. ವ್ಯವಹಾರದ ಭರದಲ್ಲಿ ಹೊತ್ತು ಮೀರಿದರೆ ಹಿರಿಯರು ತಾಳಿಕೊಳ್ಳುತ್ತಾರೆ. ನಾಲ್ಕು ವರ್ಷದ ಮಗು ರಾತ್ರಿ ಹಸಿದು ಅಳುತ್ತದೆ. ದಣಿದ ತಂದೆ ಗದರುತ್ತಾನೆ, ನರಕದ ಹೆದರಿಕೆ ಹಾಕುತ್ತಾನೆ. ಮಗುವಿನ ನೆನಪಿನಲ್ಲಿ ಉಳಿಯುವುದು ರಾತ್ರಿಭೋಜನ ತ್ಯಾಗದ ಹಿಂದಿನ ಜೀವದಯೆಯಲ್ಲ, ತಂದೆಯ ಕೆಂಪೇರಿದ ಮುಖ. ಧರ್ಮದ ಹೆಸರಿನಲ್ಲಿ ಹೆದರಿದ ಮಗು ದೊಡ್ಡದಾದ ಮೇಲೆ ಹೆದರಿಕೆಯನ್ನು ಬಿಡುತ್ತದೆ, ಅದರೊಡನೆ ಧರ್ಮವನ್ನೂ ಬಿಡುತ್ತದೆ.

ಸಾಸಿವೆಯ ಕಾಳು

ವಾಯುಭೂತಿಯ ಜೀವವೇ ಹಲವು ಭವಗಳ ತರುವಾಯ ಉಜ್ಜಯಿನಿಯಲ್ಲಿ ಸುಕುಮಾರನಾಗಿ ಹುಟ್ಟುತ್ತದೆ. ಅವನ ತಾಯಿ ಯಶೋಭದ್ರೆ. ಮಗನ ಮುಖವನ್ನು ಕಂಡೊಡನೆ ಗಂಡ ಸುರೇಂದ್ರದತ್ತನು ದೀಕ್ಷೆ ವಹಿಸುವನೆಂದೂ, ಮಗನು ಋಷಿಯ ಸಂಪರ್ಕವಾದರೆ ದೀಕ್ಷೆ ವಹಿಸುವನೆಂದೂ ಅವಳಿಗೆ ಮೊದಲೇ ತಿಳಿದಿತ್ತು. ಮೊದಲನೆಯದು ನಡೆದುಹೋಯಿತು. ಎರಡನೆಯದನ್ನು ತಡೆಯಲು ಅವಳು ಮನೆಯೊಳಕ್ಕೆ ಋಷಿಗಳು ಬಾರದಂತೆ ಕಟ್ಟುಮಾಡಿದಳು. ಮಗನಿಗೆ ಮೂವತ್ತಿಬ್ಬರು ಹೆಂಡಿರನ್ನು ತಂದಳು. ಯಾವ ನೋವೂ ಸುಳಿಯದಂತೆ ಪ್ರಾಸಾದದೊಳಗೆ ಇರಿಸಿದಳು.

ಅರಸನು ಈ ಐಶ್ವರ್ಯವನ್ನು ನೋಡಲು ಬಂದಾಗಿನ ಪ್ರಸಂಗ ಕಥೆಯ ಅತ್ಯಂತ ಸೂಕ್ಷ್ಮವಾದ ಭಾಗಗಳಲ್ಲೊಂದು. ಸೇಸೆಯಾಗಿ ತಳಿದ ಸಾಸಿವೆಯ ಕಾಳು ಆಸನದ ಮೇಲೆ ಬಿದ್ದು ಒತ್ತಿದುದರಿಂದ ಸುಕುಮಾರನು ಮಿಸುಕಾಡುತ್ತಾನೆ. ದೀಪದ ಬೆಳಕಿಗೆ ಕಣ್ಣೀರು ಸುರಿಯುತ್ತದೆ. ಊಟದಲ್ಲಿ ಅಗುಳುಗಳನ್ನು ಆರಿಸಿ ಉಣ್ಣುತ್ತಾನೆ. ಅರಸನು ಇದನ್ನು ರೋಗವೆಂದು ಬಗೆಯುತ್ತಾನೆ. ತಾಯಿಯು ರೋಗವಲ್ಲ, ರತ್ನದ ಬೆಳಕಿಗೂ ಕಮಲದ ಪರಿಮಳದ ಅಕ್ಕಿಗೂ ಒಗ್ಗಿದ ಮೈಯೆಂದು ವಿವರಿಸುತ್ತಾಳೆ. ಕೇಳುಗರು ಇಲ್ಲಿ ಐಶ್ವರ್ಯಕ್ಕೆ ಬೆರಗಾಗುತ್ತಾರೆ. ಅರಸನ ಪ್ರಶ್ನೆಯಲ್ಲಿ ಮಾತ್ರ ಬೇರೊಂದು ದೃಷ್ಟಿಯಿದೆ: ಹೊರಗಿನಿಂದ ಬಂದವನ ಕಣ್ಣಿಗೆ ಆ ಸುಖ ಕಾಯಿಲೆಯಂತೆಯೇ ಕಾಣುತ್ತದೆ.

ಯಶೋಭದ್ರೆಯನ್ನು ಕಟುವಾಗಿ ತೀರ್ಮಾನಿಸಲಾಗದು. ಗಂಡನನ್ನು ಕಳೆದುಕೊಂಡು ಒಬ್ಬಳೇ ಮಗನನ್ನು ಬೆಳೆಸಿದವಳು ಅವಳು. ಅವಳ ಪ್ರೀತಿಯಲ್ಲಿ ಪ್ರೀತಿಗಿಂತ ಭಯವೇ ಹೆಚ್ಚು. ಮಗು ಅತ್ತರೆ ಸಹಿಸಲಾರದ ತಾಯಿತಂದೆಗಳೆಲ್ಲರಲ್ಲಿಯೂ ಈ ಭಯವಿರುತ್ತದೆ. ಅಳು ನಿಲ್ಲಬೇಕು, ಕೂಡಲೇ ನಿಲ್ಲಬೇಕು. ಅದಕ್ಕಾಗಿ ಕೇಳಿದ್ದನ್ನೆಲ್ಲ ಕೊಡುವುದು. ಇಂದು ಆ ಪ್ರಾಸಾದದ ಸ್ಥಾನವನ್ನು ಅಂಗೈಯಗಲದ ಮೊಬೈಲು ಪಡೆದಿದೆ. ಅಂಗಡಿಯಲ್ಲಿ ಗಿರಾಕಿ ನಿಂತಿರುವಾಗ, ಬಸದಿಯಲ್ಲಿ ಪೂಜೆ ನಡೆದಿರುವಾಗ, ಊಟದ ತಟ್ಟೆಯ ಮುಂದೆ ಮಗು ರಚ್ಚೆ ಹಿಡಿದಾಗ ಅದನ್ನು ಕೈಗಿತ್ತರೆ ಅಳು ನಿಲ್ಲುತ್ತದೆ. ಆದರೆ ಅಳುವನ್ನು ದಾಟಿ ಸಮಾಧಾನಕ್ಕೆ ಬರುವ ಅಭ್ಯಾಸ ಮಗುವಿಗೆ ಆಗುವುದಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳು ಇಂತಹ ಪರದೆಯ ಮುಂದೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಕುಳಿತಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಅದಕ್ಕಿಂತ ಚಿಕ್ಕ ಶಿಶುಗಳಿಗೆ ಅದು ಬೇಡವೆಂದೇ ಹೇಳಿದೆ. ಸಾಸಿವೆ ಕಾಳಿನಷ್ಟು ನೋವನ್ನೂ ತಡೆಯಲಾರದ ಮೈಯನ್ನು ಬೆಳೆಸಿದಂತೆ, ಒಂದು ಕ್ಷಣದ ಬೇಸರವನ್ನೂ ತಡೆಯಲಾರದ ಮನಸ್ಸನ್ನು ಬೆಳೆಸುವುದು ಸುಲಭ.

ಅದೇ ಸುಕುಮಾರನು ಮುಂದೆ ನರಿಯ ಹಲ್ಲನ್ನು ಸಹಿಸಿದನಲ್ಲ, ಹಾಗಿದ್ದ ಮೇಲೆ ಪ್ರಾಸಾದದಿಂದ ಕೇಡೇನಾಯಿತೆಂದು ಕೇಳಬಹುದು. ಆ ಸಹನೆ ಪ್ರಾಸಾದದಿಂದ ಬಂದುದಲ್ಲ. ಮುನಿಯ ಪಠಣ ಕಿವಿಗೆ ಬಿದ್ದು ಜಾತಿಸ್ಮರಣೆಯಾಗಿ, ತಾನು ಯಾರು, ತನಗೆ ಏನಾಯಿತು ಎಂಬ ಅರಿವು ಮೂಡಿದ ಮೇಲೆ ಬಂದುದು. ತಾಯಿಯು ಮುಚ್ಚಿದ್ದ ಬಾಗಿಲಿನಿಂದಾಚೆಗೆ ಅವನು ವಸ್ತ್ರಗಳನ್ನು ಹಗ್ಗವಾಗಿಸಿಕೊಂಡು ಇಳಿದುಹೋಗಬೇಕಾಯಿತು.

ತಂದೆ ಮಗಳ ನಡಿಗೆ

ಈ ಎರಡು ತುದಿಗಳ ನಡುವೆ ನಾಗಶ್ರೀಯ ವೃತ್ತಾಂತವಿದೆ. ವಾಯುಭೂತಿಯ ಜೀವವು ಕತ್ತೆ, ಹಂದಿ, ನಾಯಿಗಳ ಜನ್ಮವನ್ನೂ ಹುಟ್ಟುಕುರುಡಿಯ ಜನ್ಮವನ್ನೂ ಕಳೆದು ಚಂಪಾಪುರದ ನಾಗಶರ್ಮನ ಮಗಳಾಗಿ ಹುಟ್ಟುತ್ತದೆ. ಬಾಲಕಿ ನಾಗಶ್ರೀಯು ಸೂರ್ಯಮಿತ್ರ, ಅಗ್ನಿಭೂತಿ ಮುನಿಗಳಿಂದ ಐದು ಅಣುವ್ರತಗಳನ್ನು ಪಡೆಯುತ್ತಾಳೆ. ತಂದೆಗೆ ಸಿಟ್ಟು ಬರುತ್ತದೆ, ವ್ರತಗಳನ್ನು ಹಿಂದಿರುಗಿಸಬೇಕೆನ್ನುತ್ತಾನೆ. ಮಗಳು ಅಳುವುದಿಲ್ಲ, ಎದುರಾಡುವುದೂ ಇಲ್ಲ. ಕೊಟ್ಟವರಿಗೇ ಒಪ್ಪಿಸೋಣವೆಂದು ತಂದೆಯೊಡನೆ ಹೊರಡುತ್ತಾಳೆ. ದಾರಿಯಲ್ಲಿ ಶಿಕ್ಷೆಗೆ ಗುರಿಯಾದವರು ಒಬ್ಬರಾದ ಮೇಲೊಬ್ಬರು ಎದುರಾಗುತ್ತಾರೆ: ಕೊಂದವನು, ಸುಳ್ಳಾಡಿದವನು, ಕದ್ದವನು, ಪರದಾರಕ್ಕೆ ಎಳಸಿದವನು, ಅತಿಯಾಸೆಯಿಂದ ಕೆಟ್ಟವನು. ಪ್ರತಿಯೊಂದು ಸಲವೂ ಮಗಳು ಕಾರಣವನ್ನು ಕೇಳುತ್ತಾಳೆ. ಪ್ರತಿಯೊಂದು ಸಲವೂ ತಂದೆಯು ಉತ್ತರಿಸಿ, ಆ ಒಂದು ವ್ರತ ಇರಲಿ, ಉಳಿದವನ್ನು ಹಿಂದಿರುಗಿಸೋಣ ಎನ್ನುತ್ತಾನೆ. ಮುನಿಗಳ ಬಳಿ ತಲಪುವಷ್ಟರಲ್ಲಿ ಹಿಂದಿರುಗಿಸಲು ಯಾವ ವ್ರತವೂ ಉಳಿದಿರುವುದಿಲ್ಲ.

ಹಳೆಯ ಕಥಾಸಾಹಿತ್ಯದಲ್ಲಿ ಮಗಳ ಪ್ರಶ್ನೆಯಿಂದ ತಂದೆಯು ಮನಸ್ಸು ತಿದ್ದಿಕೊಳ್ಳುವ ಇಂತಹ ಚಿತ್ರ ವಿರಳ. ನಾಗಶರ್ಮನು ಆದರ್ಶಪುರುಷನಲ್ಲ, ಮುಂಗೋಪಿ. ಆದರೂ ಅವನಲ್ಲಿ ಮೂರು ಗುಣಗಳಿವೆ. ಸಿಟ್ಟಿನಲ್ಲಿಯೂ ಮಗಳನ್ನು ದೂರ ತಳ್ಳದೆ ಜೊತೆಯಲ್ಲಿ ನಡೆಯುತ್ತಾನೆ. ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಕೊಡುತ್ತಾನೆ. ತನ್ನ ಉತ್ತರವೇ ತನ್ನ ಆಜ್ಞೆಯನ್ನು ಸುಳ್ಳಾಗಿಸಿದಾಗ ಹಠ ಹಿಡಿಯದೆ ಒಪ್ಪಿಕೊಳ್ಳುತ್ತಾನೆ. ನಡಿಗೆಯ ಕಾಲವೇ ಅವನ ಕೋಪವನ್ನು ಇಳಿಸುತ್ತದೆ. ಅಮೆರಿಕದ ಮನೋವಿಜ್ಞಾನಿ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲಿ ಮಕ್ಕಳನ್ನು ಬೆಳೆಸುವ ರೀತಿಗಳನ್ನು ಮೂರಾಗಿ ವಿಂಗಡಿಸಿದರು: ಅಪ್ಪಣೆಯ ರೀತಿ, ಸಡಿಲ ಬಿಟ್ಟ ರೀತಿ, ಎಲ್ಲೆಯನ್ನೂ ಪ್ರೀತಿಯನ್ನೂ ಒಟ್ಟಿಗೆ ಉಳಿಸಿಕೊಂಡು ಕಾರಣ ತಿಳಿಸುವ ರೀತಿ. ಅವರು ಮೆಚ್ಚಿದ್ದು ಮೂರನೆಯದನ್ನು. ಹತ್ತನೆಯ ಶತಮಾನದ ಕಥೆಗಾರನಿಗೆ ಆಧುನಿಕ ಮನೋವಿಜ್ಞಾನ ತಿಳಿದಿತ್ತೆಂದು ಹೇಳುವುದು ಅತಿಯಾದೀತು. ಮನುಷ್ಯಸ್ವಭಾವವನ್ನು ನಿಷ್ಠೆಯಿಂದ ನೋಡಿದವರಿಗೆ ಕಾಲ ಯಾವುದೇ ಆಗಿರಲಿ, ಕಾಣುವುದು ಹತ್ತಿರಹತ್ತಿರದ ಸತ್ಯವೇ ಎಂದಷ್ಟೇ ಹೇಳಬಹುದು.

ಈ ಭಾಗದ ಅಂತ್ಯವು ಇನ್ನೂ ಅರ್ಥಪೂರ್ಣ. ನಾಗಶರ್ಮನು ಮುನಿಗಳೊಡನೆ ವಾದಕ್ಕಿಳಿದಾಗ ಸೂರ್ಯಮಿತ್ರ ಮುನಿಯು ನಾಗಶ್ರೀ ತಮ್ಮ ಮಗಳೆನ್ನುತ್ತಾರೆ. ವಿವಾದ ಅರಸನವರೆಗೆ ಹೋಗುತ್ತದೆ. ಮುನಿಯು ಹಿಂದೆ ವಾಯುಭೂತಿಗೆ ಕಲಿಸಿದ ಶಾಸ್ತ್ರಗಳನ್ನು ಬಾಲಕಿಯ ಬಾಯಿಂದ ಹೇಳಿಸಿ ಅದನ್ನು ರುಜುವಾತುಪಡಿಸುತ್ತಾರೆ. ಯಾವ ಜೀವಕ್ಕೆ ಒಮ್ಮೆ ನೀನು ನನ್ನವನಲ್ಲವೆಂದು ಹೇಳಿದ್ದರೋ ಅದೇ ಜೀವವನ್ನು ಅವರು ಈಗ ತುಂಬಿದ ಸಭೆಯಲ್ಲಿ ತಮ್ಮದೆಂದು ಒಪ್ಪಿಕೊಳ್ಳುತ್ತಾರೆ. ಕಥೆಗಾರನು ಇದನ್ನು ಪಶ್ಚಾತ್ತಾಪವೆಂದು ಕರೆದಿಲ್ಲ. ಆದರೆ ಕಥೆಯ ರಚನೆಯಲ್ಲಿ ಮೊದಲ ನಿರಾಕರಣೆಗೆ ಇದೇ ಪರಿಹಾರವಾಗಿ ನಿಂತಿದೆ. ಅಲ್ಲಗಳೆದಾಗ ವಿಷವಾದ ವಿದ್ಯೆಯೇ ಸಂಬಂಧವನ್ನು ಒಪ್ಪಿದಾಗ ಸಾಕ್ಷಿಯಾಗುತ್ತದೆ.

ಮನೆಗೆ ಅನ್ವಯ

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಅಳತೆ ಮೀರಿ ಹೊರೆ ಹೇರುವುದು, ಅನ್ನನೀರು ತಡೆಯುವುದು. ಇವನ್ನು ಸಾಮಾನ್ಯವಾಗಿ ದನಕರುಗಳ ವಿಷಯದಲ್ಲಿ ಉದಾಹರಿಸುವರು. ಗೋಶಾಲೆಗೆ ದಾನವೀಯುವ ಶ್ರಾವಕನು ಇವೇ ಮಾತುಗಳನ್ನು ಮನೆಯ ಮಗುವಿನ ವಿಷಯದಲ್ಲಿ ಒಮ್ಮೆ ಓದಿಕೊಳ್ಳಬೇಕು. ಕೋಣೆಯಲ್ಲಿ ಕೂಡಿಹಾಕುವುದು ಬಂಧವಲ್ಲವೇ? ಬೆತ್ತದ ಪೆಟ್ಟು ವಧದ ಸಾಲಿಗೆ ಸೇರುವುದಿಲ್ಲವೇ? ಶಾಲೆ, ಮನೆಪಾಠ, ಪಾಠಶಾಲೆ, ಸ್ತೋತ್ರಸ್ಪರ್ಧೆಗಳೆಲ್ಲವನ್ನೂ ಆರು ವರ್ಷದ ಹೆಗಲಿಗೆ ಹೇರುವುದು ಅತಿಭಾರವಲ್ಲವೇ? ಹಠ ಮಾಡಿದ್ದಕ್ಕೆ ಊಟ ಕೊಡದಿರುವುದು ಅನ್ನನಿರೋಧವೇ ಸರಿ. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅಣುವ್ರತಿಯಾದವನು ಸರ್ಕಾರದ ಕಾಯಿದೆಗಿಂತ ಹಿಂದೆ ಬೀಳುವುದು ಶೋಭಿಸದು.

ಹಾಗಾದರೆ ಮಗು ರಂಪ ಮಾಡುವಾಗ ಮಾಡಬೇಕಾದುದೇನು? ಆವೇಗವನ್ನು ತಡೆದು ವಿಚಾರ ಮಾಡಿಸುವ ಮಿದುಳಿನ ಮುಂಭಾಗವು ಪೂರ್ಣವಾಗಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆಯೇ ಎಂದು ವೈದ್ಯವಿಜ್ಞಾನ ಹೇಳುತ್ತದೆ. ಮೂರು ವರ್ಷದ ಮಗುವಿಗೆ ಸಿಟ್ಟನ್ನು ನುಂಗಿಕೊಳ್ಳೆಂದು ಹೇಳುವುದು ಅದರ ಶಕ್ತಿಗೆ ಮೀರಿದ ಬೇಡಿಕೆ. ಆ ಹೊತ್ತಿನಲ್ಲಿ ಉಪದೇಶ ಹತ್ತುವುದಿಲ್ಲ. ಹಿರಿಯರು ಮೊದಲು ತಮ್ಮ ಉಸಿರನ್ನೂ ದನಿಯನ್ನೂ ತಗ್ಗಿಸಿಕೊಂಡು, ಮಗುವಿನ ಎತ್ತರಕ್ಕೆ ಕುಳಿತು, ಅದಕ್ಕೆ ಆಗುತ್ತಿರುವುದನ್ನು ಒಂದೆರಡು ಮಾತಿನಲ್ಲಿ ಹೇಳಬೇಕು: ಆಟ ಬಿಟ್ಟು ಬರಬೇಕಾಯಿತೆಂದು ನಿನಗೆ ಸಿಟ್ಟು ಬಂದಿದೆ, ಎಂದು. ಹೊಡೆಯಲು ಬಂದರೆ ಕೈಯನ್ನು ಮೆಲ್ಲಗೆ ಹಿಡಿದು, ಹೊಡೆಯುವಂತಿಲ್ಲ ಎನ್ನಬೇಕು. ಕೇಳಿದ ವಸ್ತು ಕೊಡುವಂತಹುದಲ್ಲವಾದರೆ ಕೊಡಬೇಕಾಗಿಲ್ಲ. ಕೊಡದಿರುವುದಕ್ಕಾಗಿ ಕೂಗಬೇಕಾಗಿಯೂ ಇಲ್ಲ. ಅಳು ಇಳಿದ ಮೇಲೆ, ನಾಗಶರ್ಮನ ದಾರಿಯಂತೆ, ಮಾತನಾಡುತ್ತ ಕಾರಣ ತಿಳಿಸಬೇಕು. ಹಸಿವು, ನಿದ್ರೆ, ಬಳ್ಳಾರಿಯ ಬೇಸಿಗೆಯ ಸೆಕೆ, ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದೇ ಎಂದು ಮೊದಲೇ ನೋಡಿದರೆ ಅರ್ಧ ರಂಪ ಹುಟ್ಟುವುದೇ ಇಲ್ಲ.

ಭಾವಗಳಿಗೆ ಹೆಸರು ಕೊಡುವ ವಿಷಯದಲ್ಲಿ ಜೈನಪರಂಪರೆಗೆ ಕೊರತೆಯಿಲ್ಲ. ಕ್ರೋಧ, ಮಾನ, ಮಾಯಾ, ಲೋಭಗಳ ಜೊತೆಗೆ ನೋಕಷಾಯಗಳೆಂದು ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮೊದಲಾದವನ್ನು ಶಾಸ್ತ್ರಕಾರರು ಬಿಡಿಬಿಡಿಯಾಗಿ ಗುರುತಿಸಿದ್ದಾರೆ. ಮಕ್ಕಳು ಇವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ತಮ್ಮೊಳಗೆ ಈಗ ಎದ್ದಿರುವುದು ಕ್ರೋಧವೋ, ಭಯವೋ, ಬೇಸರವೋ ಎಂದು ಗುರುತಿಸಲು ಯಾರೂ ಕಲಿಸುವುದಿಲ್ಲ. ಕಲಿಸಿದರೆ ಆ ಪಟ್ಟಿ ಬದುಕಿಗೆ ಬರುತ್ತದೆ.

ಪಾಠಶಾಲೆಯಲ್ಲಿ ಕಥೆ

ಕೊನೆಯದಾಗಿ ಈ ಕಥೆಯನ್ನು ಮಕ್ಕಳಿಗೆ ಹೇಳುವ ರೀತಿಯ ಬಗ್ಗೆ. ಐದಾರು ವರ್ಷದ ಮಕ್ಕಳ ಮುಂದೆ ನರಿ ತಿಂದ ದೃಶ್ಯವನ್ನು ವರ್ಣಿಸಿದರೆ ಅವರಿಗೆ ದೊರೆಯುವುದು ವೈರಾಗ್ಯವಲ್ಲ, ರಾತ್ರಿಯ ದುಃಸ್ವಪ್ನ. ಕೃತಿಯು ಆರಾಧನೆಯನ್ನು, ಅಂದರೆ ಸಮಾಧಿಮರಣವನ್ನು ಕುರಿತದ್ದು. ಸಾವನ್ನು ಎದುರಿಸಬೇಕಾದ ಪ್ರಬುದ್ಧರ ಮನಸ್ಸನ್ನು ಗಟ್ಟಿಗೊಳಿಸಲು ಹೊರಟದ್ದು. ಆ ಭಾಗವನ್ನು ಹನ್ನೆರಡು ದಾಟಿದವರಿಗೆ ಮೀಸಲಿಡಬಹುದು. ಚಿಕ್ಕವರಿಗೆ ನಾಗಶ್ರೀಯ ನಡಿಗೆ ಸಾಕು; ಅಲ್ಲಿಯೂ ಶಿಕ್ಷೆಗಳ ಭೀಕರತೆಯನ್ನು ಬಿಟ್ಟು ತಂದೆಮಗಳ ಪ್ರಶ್ನೋತ್ತರವನ್ನು ಹೇಳಬಹುದು. ಅಗ್ನಿಭೂತಿ, ವಾಯುಭೂತಿಗಳ ಪ್ರಸಂಗವನ್ನು ಮಕ್ಕಳಿಗಿಂತ ಮೊದಲು ತಾಯಿತಂದೆಗಳಿಗೆ ಹೇಳಬೇಕು.

ಬಳ್ಳಾರಿ ನಗರದಂತಹ ಊರುಗಳ ಮಂದಿರಗಳ ಟ್ರಸ್ಟುಗಳು ಪರ್ಯುಷಣ, ದಶಲಕ್ಷಣಗಳ ದಿನಗಳಲ್ಲಿ ತಾಯಿತಂದೆಗಳಿಗಾಗಿಯೇ ಒಂದು ಸಂಜೆಯನ್ನು ಇಡುವುದು ಕಷ್ಟವಲ್ಲ. ಕುರುಗೋಡಿನಂತಹ ಚಿಕ್ಕ ಊರುಗಳಲ್ಲಿ ಪಾಠಶಾಲೆಗೆ ಸಾಲುವಷ್ಟು ಮನೆಗಳಿಲ್ಲದೆಡೆ ಮನೆಯೇ ಪಾಠಶಾಲೆ, ಅಜ್ಜಿಯೇ ಪಂಡಿತೆ; ಆ ಮನೆಗಳಿಗೆ ಸರಳ ಕನ್ನಡದ ಕಥೆಯ ಪುಸ್ತಕವನ್ನು ಮುಟ್ಟಿಸಬಹುದು. ಪಾಠಶಾಲೆಯ ಶಿಕ್ಷಕರನ್ನು ನೇಮಿಸುವಾಗ ಎಷ್ಟು ಸೂತ್ರಗಳು ಬಾಯಿಗೆ ಬರುತ್ತವೆಂಬುದರ ಜೊತೆಗೆ ಮಗು ಅತ್ತಾಗ ಏನು ಮಾಡುತ್ತಾರೆಂಬುದನ್ನೂ ವಿಚಾರಿಸಬಹುದು.

ವರ್ಷಕ್ಕೊಮ್ಮೆ ಕ್ಷಮಾಪಣೆಯ ದಿನ ಬರುತ್ತದೆ. ಬಂಧುಗಳಿಗೆ, ವ್ಯಾಪಾರದ ಬಳಕೆಯವರಿಗೆ, ದೂರದೂರಿನ ಸ್ನೇಹಿತರಿಗೆ ಕ್ಷಮೆ ಕೋರಿ ಪತ್ರ ಹೋಗುತ್ತದೆ, ಸಂದೇಶ ಹೋಗುತ್ತದೆ. ವರ್ಷವಿಡೀ ಅತಿ ಹೆಚ್ಚು ಗದರಿಸಿಕೊಂಡದ್ದು ಮನೆಯೊಳಗಿನ ಮಗು. ಅದರ ಎದುರು ಕುಳಿತು, ಇಂಥ ದಿನ ನಿನ್ನ ಮೇಲೆ ಕೂಗಿದೆ, ಅದು ತಪ್ಪು, ಕ್ಷಮಿಸು ಎಂದು ತಂದೆಯೊಬ್ಬನು ಹೇಳಿದರೆ ಅವನ ಗೌರವಕ್ಕೆ ಕುಂದಿಲ್ಲ. ಸೂರ್ಯಮಿತ್ರನಿಗೆ ಅಂತಹ ಮಾತಾಡಲು ಹಲವು ಭವಗಳ ದಾರಿ ಬೇಕಾಯಿತು. ಗೃಹಸ್ಥನಿಗೆ ಆ ಅವಕಾಶ ಈ ಭವದಲ್ಲಿಯೇ, ಗೆರೆ 아직 ನೀರಿನ ಮೇಲಿರುವಾಗಲೇ ಇದೆ.